ಒಂದೇ ಒಂದು ಬೋಗಿ

ನಿನ್ನೆ ರಾತ್ರಿ ಹನ್ನೊಂದೂವರೆಗೆ ನಾನು ಅಟ್ಲಾಂಟಾ ಊರಿಗೆ ಒಂದೇ ಒಂದು ಬೋಗಿಯಷ್ಟು ದೂರದಲ್ಲಿ ನಿಂತುಬಿಟ್ಟೆ. ಇವತ್ತು ಬೆಳಿಗ್ಗೆ ಕಾಫಿ ಫಿಲ್ಟರ್‌ಗೆ ಪುಡಿ ಹಾಕದೆ ಬರೀ ಬಿಸಿನೀರು ಹೊಯ್ದಿದ್ದೇನೆ. ಅದಕ್ಕೂ ಇದಕ್ಕೂ ಖಂಡಿತ ಸಂಬಂಧ ಇದೆ.

ಅಮೆರಿಕದಿಂದ ಬರುವ ನೆಂಟರು ಚಾಕೊಲೇಟು ತರುತ್ತಾರೆ, ಬಾದಾಮಿ ತರುತ್ತಾರೆ. ನನ್ನ ಮೈದುನ ತಂದದ್ದು ಒಂದು ರಟ್ಟಿನ ಡಬ್ಬ. ಒಳಗಿದ್ದ ಆಟದ ಹೆಸರು ‘ಟಿಕೆಟ್ ಟು ರೈಡ್’. ಆಲನ್ ಮೂನ್ ಅನ್ನುವವರು ಮಾಡಿದ್ದು. 2004ರಲ್ಲಿ ಬಂತು, ಅದೇ ವರ್ಷ ಜರ್ಮನಿಯಲ್ಲಿ ‘ವರ್ಷದ ಆಟ’ ಅಂತ ಬಹುಮಾನವನ್ನೂ ಹೊಡೆದುಕೊಂಡಿತು. ಅಮೆರಿಕದ ದೊಡ್ಡ ನಕ್ಷೆ, ತಲೆಗೆ 45 ಪುಟಾಣಿ ಪ್ಲಾಸ್ಟಿಕ್ ಬೋಗಿ. ‘ಮನೆಯವರೆಲ್ಲ ಕೂತು ಆಡಬಹುದು’ ಅಂದಿದ್ದ. ಮನೆಯವರಲ್ಲಿ ನಮ್ಮ ಅತ್ತಿಗೆಯೂ ಸೇರುತ್ತಾರೆ ಅನ್ನೋದು ಪಾಪ ಅವನಿಗೆ ಹೊಳೆದಿರಲಿಲ್ಲ.

ಆಟ ಸುಲಭ. ಶುರುವಿನಲ್ಲಿ ಮೂರು ಟಿಕೆಟ್ ಕೊಡುತ್ತಾರೆ, ಕನಿಷ್ಠ ಎರಡು ಇಟ್ಟುಕೊಳ್ಳಬೇಕು. ಟಿಕೆಟ್‌ನಲ್ಲಿ ಎರಡು ಊರು, ಪಕ್ಕದಲ್ಲಿ ಅಂಕ. ಆ ಎರಡು ಊರಿನ ಮಧ್ಯೆ ನಿಮ್ಮದೇ ಬೋಗಿಗಳ ಸಾಲು ಹಾಕಿದರೆ ಅಂಕ ನಿಮ್ಮದು. ಹಾಕದಿದ್ದರೆ ಅಷ್ಟೇ ಅಂಕ ಕಡಿತ. ನಮ್ಮ ವೇಟಿಂಗ್ ಲಿಸ್ಟೇ ವಾಸಿ, ಕನ್ಫರ್ಮ್ ಆಗದಿದ್ದರೆ ದುಡ್ಡಾದರೂ ವಾಪಸ್ ಬರುತ್ತೆ. ನಿಮ್ಮ ಸರದಿ ಬಂದಾಗ ಮೂರರಲ್ಲಿ ಒಂದು ಕೆಲಸ ಮಾಡಬಹುದು: ಬಣ್ಣದ ಕಾರ್ಡ್ ಎರಡು ಎತ್ತಿಕೊಳ್ಳಿ, ಇಲ್ಲಾ ಕೈಯಲ್ಲಿರುವ, ದಾರಿಯ ಬಣ್ಣಕ್ಕೆ ಹೊಂದುವ ಕಾರ್ಡ್ ಕೊಟ್ಟು ಬೋಗಿ ಹಾಕಿ, ಇಲ್ಲಾ ಹೊಸ ಟಿಕೆಟ್ ತಗೊಳ್ಳಿ. ಅಷ್ಟೇ.

ಅತ್ತಿಗೆಗೆ ಇದರಲ್ಲಿ ಮೊದಲನೆಯದು ಮಾತ್ರ ಕೇಳಿಸಿದೆ.

ಅವರು ಕಾರ್ಡ್ ಎತ್ತಿಕೊಳ್ಳುತ್ತಾರೆ. ಮುಂದಿನ ಸರದಿಗೆ ಮತ್ತೆ ಎತ್ತಿಕೊಳ್ಳುತ್ತಾರೆ. ‘ಯಾವ ಬಣ್ಣ ಬೇಕು ಅತ್ತಿಗೆ ನಿಮಗೆ?’ ಅಂದರೆ, ‘ಇರ್ಲಿ ಕಣೇ, ಯಾವುದಕ್ಕಾದ್ರೂ ಆಗುತ್ತೆ.’ ಹೊಸ ಸೀರೆ ಜೊತೆ ಬಂದ ಕವರ್ ಬಗ್ಗೆಯೂ, ಖಾಲಿಯಾದ ಹಾರ್ಲಿಕ್ಸ್ ಬಾಟಲಿ ಬಗ್ಗೆಯೂ ಅವರು ಇದನ್ನೇ ಹೇಳುತ್ತಾರೆ. ಒಮ್ಮೆ ಸುಮ್ನೆ ಎಣಿಸಿದೆ. ಕೈಯಲ್ಲಿ 27 ಕಾರ್ಡ್. ಬೀಸಣಿಗೆ ಥರ ಹಿಡಿಯಲಾಗದೆ ಮಡಿಲಲ್ಲಿ ಬಣ್ಣಬಣ್ಣಕ್ಕೆ ಗುಡ್ಡೆ ಹಾಕಿಕೊಂಡಿದ್ದರು, ತರಕಾರಿ ಮಾರುವವರ ಹಾಗೆ. ಪ್ರತಿ ಸರದಿಗೂ ‘ಇರಿ, ನೋಡ್ತೀನಿ’ ಅಂತ ಗುಡ್ಡೆಗಳನ್ನೆಲ್ಲ ಒಂದು ಸಲ ತಿರುವಿ, ಎಣಿಸಿ, ಕನ್ನಡಕ ಸರಿಮಾಡಿಕೊಂಡು, ಕೊನೆಗೆ ಮತ್ತೆರಡು ಕಾರ್ಡ್.

ಎಂಜಿನ್ ಕಾರ್ಡ್ ಅಂತ ಒಂದಿದೆ, ಯಾವ ಬಣ್ಣಕ್ಕೂ ನಡೆಯುತ್ತೆ. ಎದುರಿಗೆ ತೆರೆದಿಟ್ಟ ಐದು ಕಾರ್ಡ್‌ಗಳಲ್ಲಿ ಅದನ್ನು ಎತ್ತಿಕೊಂಡರೆ ಎರಡನೆಯದು ಸಿಗಲ್ಲ. ಪ್ರತಿ ಭಾನುವಾರ ಅತ್ತಿಗೆಯ ಕೈ ಎರಡನೆಯದಕ್ಕೂ ಹೋಗುತ್ತೆ. ‘ಹೋದ ವಾರ ತಗೊಂಡಿದ್ವಲ್ಲ?’ ಹೋದ ವಾರವೂ ತಗೊಂಡಿರಲಿಲ್ಲ. ಎಂಟನೇ ಕ್ಲಾಸಿನ ನನ್ನ ಮಗಳು ನಿಯಮದ ಪುಸ್ತಕ ತೆಗೆದು ಓದುತ್ತಾಳೆ. ಹಾಗೆ ಓದುವಾಗಲೇ ಇನ್ನೊಂದು ಸಾಲು ಸಿಕ್ಕಿತು: ಎಲ್ಲ ಕಾರ್ಡ್‌ಗಳನ್ನೂ ಆಟಗಾರರೇ ಕೂಡಿಟ್ಟುಕೊಂಡು ಕಟ್ಟು ಖಾಲಿಯಾದರೆ, ಇನ್ನು ಕಾರ್ಡ್ ಎತ್ತುವ ಹಾಗಿಲ್ಲ, ಬೋಗಿ ಹಾಕಬೇಕು ಇಲ್ಲಾ ಟಿಕೆಟ್ ತಗೋಬೇಕು. ಒಟ್ಟು 110 ಕಾರ್ಡ್ ಇರುವ ಆಟದಲ್ಲಿ ಇಂಥ ನಿಯಮ ಯಾಕೆ ಬರೆದರು? ಮೂನ್ ಸಾಹೇಬರಿಗೂ ಒಬ್ಬರು ಅತ್ತಿಗೆ ಇರಬೇಕು.

ಸರಿ, ನಿನ್ನೆಯ ವಿಷಯ. ನನ್ನ ದೊಡ್ಡ ಟಿಕೆಟ್ ಸ್ಯಾನ್ ಫ್ರಾನ್ಸಿಸ್ಕೋದಿಂದ ಅಟ್ಲಾಂಟಾ, 17 ಅಂಕ. ಸಾಲ್ಟ್ ಲೇಕ್ ಸಿಟಿ, ಡೆನ್ವರ್, ಕನ್ಸಾಸ್ ಸಿಟಿ, ಸೇಂಟ್ ಲೂಯಿಸ್, ನ್ಯಾಶ್‌ವಿಲ್ ಅಂತ ಚೆಂದವಾಗಿ ಸಾಲು ಹಾಕಿಕೊಂಡು ಬಂದೆ. ನ್ಯಾಶ್‌ವಿಲ್‌ನಿಂದ ಅಟ್ಲಾಂಟಾಗೆ ಒಂದೇ ಬೋಗಿ. ಬೂದು ಬಣ್ಣದ ದಾರಿ, ಯಾವ ಕಾರ್ಡ್ ಕೊಟ್ಟರೂ ಆಗುತ್ತೆ. ‘ಒಂದೇ ಅಲ್ವಾ, ಕೊನೆಗೆ ಹಾಕಿದರಾಯ್ತು’ ಅಂದುಕೊಂಡೆ. ಈ ಆಟ ಬಲ್ಲವರು ಇಲ್ಲಿಗೇ ನಕ್ಕಿರುತ್ತಾರೆ. ಜೋಡಿ ದಾರಿ ಇಲ್ಲದ, ಗೇಣುದ್ದದ ಇಂಥ ಗಲ್ಲಿಗಳನ್ನೇ ಮೊದಲು ಹಿಡಿಯಬೇಕು. ಉದ್ದದ ದಾರಿ ಎಲ್ಲೂ ಓಡಿಹೋಗಲ್ಲ.

ನಾನು ಉದ್ದದ್ದಕ್ಕೇ ಆಸೆಪಟ್ಟೆ. ಸಿಯಾಟಲ್‌ನಿಂದ ಹೆಲೆನಾಗೆ ಆರು ಹಳದಿ ಬೋಗಿಯ ದಾರಿ. ಒಂದು ಬೋಗಿಯ ದಾರಿಗೆ ಒಂದೇ ಅಂಕ, ಆರಕ್ಕೆ 15. ಇಡೀ ಕಟ್ಟಿನಲ್ಲಿ ಹಳದಿ ಇರುವುದು 12. ಅದರಲ್ಲಿ ಎಷ್ಟು ಅತ್ತಿಗೆಯ ಮಡಿಲಲ್ಲಿದ್ದವೋ! ಎಂಟು ಸುತ್ತು ಕಾದು ಆರನೆಯದು ಸಿಕ್ಕಿತು. ಆರೂ ಬೋಗಿ ಇಟ್ಟು, ನೆಟ್ಟಗೆ ಜೋಡಿಸಿ, ಕಾಲು ಚಾಚಿ ಕೂತೆ.

ಆಗ ಅತ್ತಿಗೆ ‘ಇರಿ, ನೋಡ್ತೀನಿ’ ಅಂದರು. ಗುಡ್ಡೆ ತಿರುವಿದರು. ಒಂದು ಬಿಳಿ ಕಾರ್ಡ್ ಬಿಸಾಕಿ, ತಮ್ಮದೊಂದು ಹಸಿರು ಬೋಗಿಯನ್ನು ನ್ಯಾಶ್‌ವಿಲ್‌ಗೂ ಅಟ್ಲಾಂಟಾಗೂ ನಡುವೆ ಇಟ್ಟರು. ಅರ್ಧ ಗಂಟೆಯಲ್ಲಿ ಅವರು ಹಾಕಿದ ಮೊದಲ ಬೋಗಿ!

‘ಅತ್ತಿಗೆ, ನಿಮಗೆ ಅಲ್ಲಿಗೆ ಟಿಕೆಟ್ ಇದೆಯಾ?’

‘ಇಲ್ಲಪ್ಪ. ಖಾಲಿ ಇತ್ತು, ಹಾಕ್ದೆ.’

ಸುತ್ತಿ ಹೋಗಲು ರಾಲೀ ಮೇಲೆ ಐದು ಬೋಗಿ ಬೇಕು. ನನ್ನ ಹತ್ತಿರ ಉಳಿದದ್ದು ನಾಲ್ಕು.

ಸೋಫಾದ ಮೇಲೆ ಅಣ್ಣ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ. ನಾವು ಚಿಕ್ಕವರಿದ್ದಾಗ ಬೇಸಿಗೆ ರಜೆಗೆ ಮೈಸೂರಿನಿಂದ ಅಜ್ಜಿ ಊರಿಗೆ ಹೋಗಲು ಅರಸೀಕೆರೆಯಲ್ಲಿ ಗಾಡಿ ಬದಲಿಸಬೇಕಿತ್ತು. ಆಗಿನ್ನೂ ಮೀಟರ್ ಗೇಜ್. ರೈಲು ಪೂರ್ತಿ ನಿಲ್ಲುವ ಮೊದಲೇ ಅಣ್ಣ ಓಡಿಹೋಗಿ ಕಿಟಕಿಯಿಂದ ಟವಲ್ ತೂರಿಸಿ ಸೀಟು ಹಿಡಿಯುತ್ತಿದ್ದ. ಕಿಟಕಿ ಪಕ್ಕದ್ದು ಯಾವತ್ತೂ ನನಗೇ. ಅವನು ಅಮ್ಮನ ಟ್ರಂಕಿನ ಮೇಲೆ ಕೂರುತ್ತಿದ್ದ. ಕಣ್ಣಿಗೆ ಕಲ್ಲಿದ್ದಲ ಪುಡಿ ಬೀಳುತ್ತೆ ಅಂತ ಬೈದರೂ ನಾನು ತಲೆ ಒಳಗೆ ಎಳೆದುಕೊಳ್ಳುತ್ತಿರಲಿಲ್ಲ. ಈಗ ಅದೇ ಟವಲ್ ವಿದ್ಯೆಯನ್ನು ಅವನ ಹೆಂಡತಿ ನನ್ನ ಮೇಲೇ ಪ್ರಯೋಗಿಸಿದ್ದಾರೆ, ಇವನು ನಿದ್ದೆ ಮಾಡ್ತಿದ್ದಾನೆ.

ಮಗಳ ಹತ್ತಿರ ಎರಡೇ ಬೋಗಿ ಉಳಿದವು. ಅಂದರೆ ಎಲ್ಲರಿಗೂ ಇನ್ನೊಂದೇ ಸರದಿ. ಆ ಕೊನೆಯ ಸರದಿಯಲ್ಲಿ ಬುದ್ಧಿ ಇರುವ ಯಾರಾದರೂ ಹೊಸ ಟಿಕೆಟ್ ತಗೊಳ್ತಾರಾ? ಅಂಕ ಕಳೆದುಕೊಳ್ಳಲು ಅದಕ್ಕಿಂತ ಹತ್ತಿರದ ದಾರಿ ಇಲ್ಲ. ಅತ್ತಿಗೆ ಮೂರು ತಗೊಂಡರು. ‘ಅಯ್ಯೋ, ಇದು ಆಗ್ಲೇ ಆಗಿದೆಯಲ್ಲೇ!’ ಡುಲುತ್‌ನಿಂದ ಎಲ್ ಪಾಸೊ, 10 ಅಂಕ. ಕಾರ್ಡ್ ರಾಶಿ ಕರಗಿಸುವಾಗ ತಮಗೇ ಗೊತ್ತಿಲ್ಲದೆ ಹಾಕಿಬಿಟ್ಟಿದ್ದ ದಾರಿ. ಉಳಿದೆರಡನ್ನು ವಾಪಸ್ ಇಟ್ಟರು. ಅತಿ ಉದ್ದದ ಸಾಲಿನ 10 ಅಂಕ ನಮ್ಮನೆಯವರಿಗೆ ಬಂತು. ಅವರು ಇಡೀ ಆಟದಲ್ಲಿ ಬಾಯಿ ಬಿಟ್ಟಿದ್ದು ಬೋಂಡಾಕ್ಕೆ ಮಾತ್ರ.

ನಾನು ಅತ್ತಿಗೆ ಎದುರು 29 ಅಂಕದಿಂದ ಸೋತೆ. ಬರಬೇಕಿದ್ದ 17 ಬರಲಿಲ್ಲ, ಮೇಲೆ 17 ಹೋಯಿತು. ಲೆಕ್ಕ ನೀವೇ ಹಾಕಿ. ನಾನು ರಾತ್ರಿಯೆಲ್ಲ ಹಾಕಿದ್ದೇನೆ.

ಈಗ ತಾನೇ ಅತ್ತಿಗೆ ಫೋನ್ ಮಾಡಿದ್ದರು. ‘ಲೇ, ಬ್ಯಾಗ್‌ನಲ್ಲಿ ನಿಮ್ಮನೆ ಕಾರ್ಡ್ ಎರಡು ಬಂದುಬಿಟ್ಟಿವೆ ಕಣೇ. ಹಳದಿ.’

‘ಅಯ್ಯೋ, ಅಣ್ಣನ ಕೈಲಿ ಕಳಿಸಿ ಅತ್ತಿಗೆ.’

‘ಇರ್ಲಿ ಬಿಡು. ಭಾನುವಾರ ನಾನೇ ತರ್ತೀನಿ.’