ಕೇಬಲ್ ಬಿಗಿದರೆ ಹ್ಯಾಂಡ್‌ಬ್ರೇಕ್ ರಿಪೇರಿಯಾದೀತೇ?

ತೀರ್ಥಹಳ್ಳಿಯ ನಮ್ಮ ಮನೆಯ ಅಂಗಳ ಇಳಿಜಾರಿನಲ್ಲಿದೆ. ಅಪ್ಪನ ಹಳೆಯ ಮಾರುತಿ 800 ಅಲ್ಲಿ ನಿಂತಾಗಲೆಲ್ಲ ಚಕ್ರಕ್ಕೊಂದು ಕಲ್ಲು ಕೊಟ್ಟೇ ಇರುತ್ತದೆ. ಹ್ಯಾಂಡ್‌ಬ್ರೇಕ್ ಇಲ್ಲವೆಂದಲ್ಲ, ಎಳೆಯುವ ರೂಢಿಯಿಲ್ಲ. "ಮೇಷ್ಟ್ರೇ, ಮಳೆಗಾಲ ಮುಗಿಯೋ ತನಕ ಎಳೀಬೇಡಿ, ಕಚ್ಕಂಡ್ರೆ ಬಿಡಲ್ಲ" ಎಂದು ಮೆಕ್ಯಾನಿಕ್ ಎಂದೋ ಹೇಳಿದ್ದನ್ನು ಅಪ್ಪ ಹನ್ನೆರಡು ತಿಂಗಳಿಗೂ ಅನ್ವಯಿಸಿಕೊಂಡಿದ್ದಾರೆ. ಆ ಮಾತು ಸುಳ್ಳಲ್ಲ: ಚಕ್ರದೊಂದಿಗೆ ತಿರುಗುವ ಒದ್ದೆ ಡ್ರಮ್ಮಿಗೆ, ಅದನ್ನು ಒಳಗಿನಿಂದ ಒತ್ತಿ ನಿಲ್ಲಿಸುವ ಶೂ ಒತ್ತಿಕೊಂಡು ನಾಲ್ಕು ದಿನ ನಿಂತರೆ ತುಕ್ಕು ಅವೆರಡನ್ನೂ ಬೆಸೆದುಬಿಡುತ್ತದೆ. ಆದರೆ ಎಳೆಯದೇ ಬಿಟ್ಟ ಕೇಬಲ್ಲೂ ತನ್ನ ಕವಚದೊಳಗೆ ತುಕ್ಕು ಹಿಡಿಯುತ್ತದೆ. ಕೆಲವು ಕಾರುಗಳಲ್ಲಂತೂ ಹ್ಯಾಂಡ್‌ಬ್ರೇಕ್ ಎಳೆದಾಗಲೇ ಸವೆದ ಶೂವನ್ನು ಡ್ರಮ್ಮಿನ ಹತ್ತಿರಕ್ಕೆ ತರುವ ಒಳಗಿನ ಅಡ್ಜಸ್ಟರ್ ಒಂದೊಂದು ಹಲ್ಲು ಸರಿಯುವುದರಿಂದ, ಅದನ್ನು ಮುಟ್ಟದವರಿಗೆ ಕಾಲಿನ ಬ್ರೇಕೂ ದಿನಗಳೆದಂತೆ ಆಳಕ್ಕೆ ಇಳಿಯುತ್ತದೆ.

ನಾನು ಹನ್ನೊಂದು ವರ್ಷಗಳಿಂದ ಇಂಗ್ಲೆಂಡಿನ ಲೆಸ್ಟರ್ ನಗರದಲ್ಲಿದ್ದೇನೆ. ಇಲ್ಲಿ ಮೂರು ವರ್ಷ ತುಂಬಿದ ಪ್ರತಿಯೊಂದು ಕಾರೂ ವರ್ಷಕ್ಕೊಮ್ಮೆ ಎಂಒಟಿ ಎಂಬ ವಾಹನ ಸುರಕ್ಷತಾ ಪರೀಕ್ಷೆಗೆ ಹೋಗಬೇಕು. 1960ರಲ್ಲಿ, ಹತ್ತು ವರ್ಷ ದಾಟಿದ ವಾಹನಗಳ ಬ್ರೇಕು, ದೀಪ ಮತ್ತು ಸ್ಟಿಯರಿಂಗ್ ನೋಡುವುದಕ್ಕೆಂದು ಆರಂಭವಾದ ಈ ಪರೀಕ್ಷೆಯಲ್ಲಿ ಇಂದು ಹಿಂದಿನ ಚಕ್ರಗಳನ್ನು ತಿರುಗುವ ರೋಲರ್‌ಗಳ ಮೇಲೆ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರ ಎಷ್ಟು ತಡೆಯುತ್ತದೆಂದು ಅಳೆಯುತ್ತಾರೆ. ಎರಡೂ ಚಕ್ರ ಸೇರಿ ಕಾರಿನ ತೂಕದ ಶೇಕಡಾ 16ರಷ್ಟಾದರೂ ಬಲ ತೋರಿಸಬೇಕು. ಸುಮಾರು 900 ಕಿಲೋ ತೂಗುವ ನನ್ನ ಹಳೆಯ ಟೊಯೋಟಾ ಯಾರಿಸ್‌ಗೆ ಲೆಕ್ಕ ಹಾಕಿದರೆ ಅದು 144 ಕಿಲೋ ಭಾರದಷ್ಟು ಹಿಡಿತ. ಸುಮಾರು ಆರೂಕಾಲು ಅಡಿ ಸಾಗಿದರೆ ಒಂದಡಿ ಏರುವ ದಾರಿಯಲ್ಲಿ ಕಾರು ಹಿಂದಕ್ಕೆ ಜಾರದಿರಲು ಬೇಕಾದಷ್ಟು, ಅದಕ್ಕಿಂತ ಹೆಚ್ಚೇನಿಲ್ಲ. ಹೋದ ವರ್ಷ ನನ್ನ ಕಾರು 11ಕ್ಕೆ ನಿಂತು ನಪಾಸಾಯಿತು.

ಅಳತೆ ಇರುವ ಊರಿನಲ್ಲಿ ರಿಪೇರಿ ತಾನಾಗಿಯೇ ಸರಿಯಾಗಿರುತ್ತದೆಂದು ನಾನೂ ನಂಬಿದ್ದೆ. ಆ ನಂಬಿಕೆ ಹೋದದ್ದು ಹೀಗೆ. ಅದರ ಹಿಂದಿನ ವರ್ಷ ಇದೇ ದೂರಿಗೆ ಒಂದು ಗ್ಯಾರೇಜಿನವರು ಡ್ರಮ್ ಬಿಚ್ಚದೆ, ಹ್ಯಾಂಡ್‌ಬ್ರೇಕ್ ಲಿವರಿನ ಬುಡದಲ್ಲಿರುವ ನಟ್ಟನ್ನು ತಿರುಗಿಸಿ ಕೇಬಲ್ ಬಿಗಿ ಮಾಡಿ, ಪಾಸು ಮಾಡಿಸಿ ಕಳಿಸಿದ್ದರು. ನಮ್ಮೂರಿನಲ್ಲಿ ಕಾರು ಇಳಿಜಾರಿನಲ್ಲಿ ನಿಂತರೆ ಸಾಕೆಂದು ಮಾಡುವ ಕೆಲಸವನ್ನೇ ಅವರು 16 ದಾಟಿದರೆ ಸಾಕೆಂದು ಮಾಡಿದ್ದರು. ಶೂ ಸವೆದು ಡ್ರಮ್ಮಿನಿಂದ ದೂರ ಸರಿದಿರುವಾಗ ಆ ಅಂತರವನ್ನು ಕೇಬಲ್ಲಿನಿಂದ ತುಂಬಿಸಿದರೆ, ಶೂವಿಗೆ ಸಿಕ್ಕಿಸಿದ ಒಳಗಿನ ಲಿವರ್ ಮರಳಿ ತನ್ನ ಜಾಗಕ್ಕೆ ಹೋಗುವುದೇ ಇಲ್ಲ. ಅದು ಹೋಗದಿದ್ದರೆ ಅಡ್ಜಸ್ಟರ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಸವೆತ ಮಾತ್ರ ಮುಂದುವರಿಯುತ್ತದೆ. ಆದ್ದರಿಂದ ಮೊದಲು ಕೇಬಲ್ಲನ್ನು ಪೂರ್ತಿ ಸಡಿಲಿಸಬೇಕು, ಡ್ರಮ್ಮನ್ನು ಕೈಯಲ್ಲಿ ತಿರುಗಿಸಿದಾಗ ಶೂ ಸಣ್ಣಗೆ ಸವರುವಷ್ಟು ಅಡ್ಜಸ್ಟರ್ ಹಿಗ್ಗಿಸಬೇಕು, ಪೆಡಲ್ಲನ್ನು ಹಲವು ಸಲ ಒತ್ತಿ ಶೂಗಳನ್ನು ನಡುವಿಗೆ ಕೂರಿಸಬೇಕು, ಕೇಬಲ್ಲಿಗೆ ಕೈ ಹಾಕುವುದು ಎಲ್ಲಕ್ಕಿಂತ ಕೊನೆಗೆ.

ಈ ಬಾರಿ ನಾನೇ ಬಿಚ್ಚಿದೆ. ಡ್ರಮ್ ಹೊರಬರಲಿಲ್ಲ. ಶೂ ತಿಂದು ತಿಂದು ಒಳಮೈಯಲ್ಲಿ ಗುಣಿಯಾಗಿ ಅಂಚಿನಲ್ಲಿ ದಂಡೆಯಂತೆ ಉಳಿದಿದ್ದ ಕಬ್ಬಿಣಕ್ಕೆ ಶೂಗಳೇ ಅಡ್ಡ ಸಿಕ್ಕಿಕೊಂಡಿದ್ದವು. ಚಳಿಗಾಲದಲ್ಲಿ ಮಂಜು ಕರಗಲೆಂದು ಇಲ್ಲಿನ ರಸ್ತೆಗೆ ಸುರಿಯುವ ಉಪ್ಪು, ಚಕ್ರದ ನಡುವಿನ ಹಬ್‌ನ ಸುತ್ತ ತುಕ್ಕನ್ನು ಗಾರೆಯಂತೆ ಕಟ್ಟಿತ್ತು. ಅರ್ಧ ಗಂಟೆ ಸುತ್ತಿಗೆಯಲ್ಲಿ ಬಡಿದ ಮೇಲೆ ಡ್ರಮ್ಮಿನ ಮುಖದಲ್ಲಿ ಮಣ್ಣು ಮುಚ್ಚಿದ್ದ ಮರೆಯುಳ್ಳ, ಅಂದರೆ ಬೋಲ್ಟ್ ಕಚ್ಚುವ ಸುರುಳಿ ಗೆರೆಯುಳ್ಳ, ಎರಡು ರಂಧ್ರಗಳು ಕಂಡವು. ಅವುಗಳಿಗೆ 8 ಮಿಲಿಮೀಟರಿನ ಎರಡು ಬೋಲ್ಟ್ ಹಾಕಿ, ಸರದಿಯಂತೆ ಕಾಲು ಸುತ್ತು ತಿರುಗಿಸುತ್ತ ಹೋದರೆ ಡ್ರಮ್ ತಾನಾಗಿ ಹೊರಗೆ ಬರುತ್ತದೆ. ಬಡಿಯುವ ಮೊದಲು ನೋಡಬೇಕಿತ್ತು. ಒಳಗಿನ ನೋಟ ಸರಳವಾಗಿತ್ತು: ಶೂವಿನ ಮೇಲಿನ ಉಜ್ಜುವ ಪದರವಾದ ಲೈನಿಂಗ್ ಒಂದು ಮಿಲಿಮೀಟರಿಗೆ ಬಂದಿತ್ತು, ಎಡಗಡೆಯ ಕೇಬಲ್ ಕವಚದಲ್ಲಿ ಜಾಮ್ ಆಗಿತ್ತು. ಎರಡೂ ಕಡೆ ಒಟ್ಟಿಗೆ ಬಿಚ್ಚಬಾರದು ಎಂಬ ಹಳೆಯ ಬುದ್ಧಿವಾದ ಇಲ್ಲಿಯೇ ಉಪಯೋಗಕ್ಕೆ ಬಂದದ್ದು. ಸ್ಪ್ರಿಂಗ್ ಯಾವ ತೂತಿನಲ್ಲಿತ್ತೆಂದು ಇನ್ನೊಂದು ಚಕ್ರ ನೋಡಿ ತಿಳಿಯಬಹುದು. ಮೇಲಾಗಿ ಎಡ ಬಲ ಅಡ್ಜಸ್ಟರ್‌ಗಳ ಮರೆ ಒಂದಕ್ಕೊಂದು ಉಲ್ಟಾ ಇರುವುದರಿಂದ, ಅದಲುಬದಲಾದರೆ ಬ್ರೇಕ್ ಹಿಡಿದಂತೆಲ್ಲ ಶೂ ಹತ್ತಿರವಾಗುವ ಬದಲು ದೂರವಾಗುತ್ತದೆ.

ಇಲ್ಲಿ ಶೂ ಸವೆದರೆ ಹೊಸ ಸೆಟ್, ಡ್ರಮ್ಮಿಗೆ ಗೀರು ಬಿದ್ದರೆ ಹೊಸ ಜೋಡಿ. ಡ್ರಮ್ಮಿನ ಒಳಮೈಯನ್ನು ತೆಳುವಾಗಿ ಕೆತ್ತಿ ನಯ ಮಾಡಿಸಲು ಲೇತಿಗೆ ಕೊಡುವವರನ್ನು ನಾನು ನಮ್ಮ ಸುತ್ತಮುತ್ತ ಕಾಣಲಿಲ್ಲ. ಗಂಟೆಯ ಕೂಲಿ ಡ್ರಮ್ಮಿನ ಬೆಲೆಗಿಂತ ಹೆಚ್ಚಾಗಿರುವಾಗ ಯಾರು ಕೊಟ್ಟಾರು? ಹಳೆಯ ಶೂವಿಗೆ ಹೊಸ ಲೈನಿಂಗ್ ಹಾಕಿಸುವುದು, ಡ್ರಮ್ಮನ್ನು ಹೀಗೆ ಲೇತಿನಲ್ಲಿ ಟರ್ನಿಂಗ್ ಮಾಡಿಸುವುದು ನಮ್ಮ ಕಡೆಯ ಸಣ್ಣ ಪೇಟೆಗಳಲ್ಲಿ ಇನ್ನೂ ಉಳಿದಿರುವ ವಿದ್ಯೆ. ಅದನ್ನು ಬಡತನದ ಉಪಾಯವೆಂದು ಮೂಗು ಮುರಿಯುವುದು ನನಗೆ ಒಪ್ಪಿಗೆಯಿಲ್ಲ. ಆದರೆ ಪೆಡಲ್ ಒತ್ತಿದಾಗ ಶೂಗಳನ್ನು ಹೊರಗೆ ತಳ್ಳುವ ವೀಲ್ ಸಿಲಿಂಡರ್ ಸೋರಿದಾಗ ಒಳಗೆ ತುಕ್ಕಿನ ಗುಣಿ ಬಿದ್ದಿದ್ದರೂ ಬರೀ ರಬ್ಬರ್ ಕಿಟ್ ಹಾಕಿ ಮುಚ್ಚುವುದು, ಆಯಿಲ್ ಕುಡಿದ ಲೈನಿಂಗನ್ನು ಪೆಟ್ರೋಲಿನಲ್ಲಿ ತೊಳೆದು ಎಮೆರಿ ಪೇಪರ್ ಉಜ್ಜಿ ಮರಳಿ ಕೂರಿಸುವುದು, ಇವೆರಡೂ ಉಳಿತಾಯವಲ್ಲ. ಲೈನಿಂಗಿನ ಸೂಕ್ಷ್ಮ ರಂಧ್ರಗಳಲ್ಲಿ ಇಳಿದ ಆಯಿಲ್ ಘಾಟಿ ಇಳಿಯುವಾಗ ಬಿಸಿಗೆ ಮತ್ತೆ ಮೇಲೆ ಬರುತ್ತದೆ. ಡ್ರಮ್ಮಿನ ಧೂಳನ್ನು ಏರ್ ಪೈಪಿನಿಂದ ಊದುವುದನ್ನೂ ಬಿಡಬೇಕು. ಹಿಂದೆ ಬ್ರೇಕ್ ಲೈನಿಂಗಿಗೂ ಬಳಸುತ್ತಿದ್ದ, ಉಸಿರಿನೊಳಗೆ ಹೋದರೆ ಅಪಾಯವಾದ ಬಿಳಿ ಆಸ್ಬೆಸ್ಟಾಸನ್ನು ಬ್ರಿಟನ್ನಿನಲ್ಲಿ 1999ರಲ್ಲಿ ನಿಷೇಧಿಸಿದ ನಂತರವೂ ಗ್ಯಾರೇಜಿನವರು ಹಳೆಯ ಡ್ರಮ್ಮಿಗೆ ಕ್ಲೀನರ್ ಸಿಂಪಡಿಸಿ, ಧೂಳು ಹಾರದಂತೆ ಒದ್ದೆ ಮಾಡಿಯೇ ಒರೆಸುತ್ತಾರೆ.

ನಮ್ಮಲ್ಲಿ ಸ್ವಂತ ಬಳಕೆಯ ಕಾರಿನ ನೋಂದಣಿ 15 ವರ್ಷಕ್ಕೆ, ಆಮೇಲೆ ಐದೈದು ವರ್ಷಕ್ಕೆ. ನಡುವೆ ಮಾಡಿಸುವ ಹೊಗೆ ತಪಾಸಣೆಗೆ ಬ್ರೇಕಿನ ಸಂಬಂಧವೇ ಇಲ್ಲ. ಹೀಗಾಗಿ ಹಿಂದಿನ ಡ್ರಮ್ ಒಳಗೆ ಏನಾಗಿದೆಯೆಂದು ಕೇಳುವ ಹೊಣೆ ಮಾಲೀಕನದೇ ಆಗುತ್ತದೆ. ಬ್ರೇಕ್ ಹಿಡಿದಾಗ ಹೆಚ್ಚಿನ ಭಾರ ಮುಂದಿನ ಚಕ್ರಗಳಿಗೆ ಬೀಳುವುದರಿಂದ, ಹಿಂದಿನದು ಕೆಟ್ಟರೂ ಬಹುಕಾಲ ಗೊತ್ತಾಗುವುದಿಲ್ಲ.

ಕಳೆದ ರಜೆಯಲ್ಲಿ ಅಪ್ಪನ ಕಾರಿನ ಡ್ರಮ್ ಬಿಚ್ಚಿಸಿದೆ. ಗೀರು ಆಳವಾಗಿದ್ದುದರಿಂದ ಮೆಕ್ಯಾನಿಕ್ಕೇ ನನ್ನನ್ನು ಲೇತಿನ ಅಂಗಡಿಗೆ ಕರೆದುಕೊಂಡು ಹೋದರು. ಅಲ್ಲಿನ ಹಿರಿಯರು ಅಂಚಿನ ಮೇಲೆ ಹೆಬ್ಬೆರಳು ಓಡಿಸಿ, "ಇನ್ನೊಂದ್ಸಲ ತಡೀತದೆ, ತೆಗ್ದು ಕೊಡ್ತೀನಿ" ಅಂದರು. ಸಾಮಾನ್ಯವಾಗಿ ಡ್ರಮ್ಮಿನ ಮೇಲೆ ಎಷ್ಟು ವ್ಯಾಸದವರೆಗೆ ಸವೆಯಬಹುದೆಂಬ ಮಿತಿ ಅಚ್ಚಾಗಿರುತ್ತದೆ. ಯಾರಿಸಿನ 200 ಮಿಲಿಮೀಟರ್ ಡ್ರಮ್ಮಿಗೆ ಅದು 201. ಸ್ಕ್ರೂಡ್ರೈವರಿನಲ್ಲಿ ತುಕ್ಕು ಕೆರೆದಾಗ ನಮ್ಮದರ ಮೇಲೂ ಅಂಕಿ ಕಂಡಿತು. ಅವರೇ ಕನ್ನಡಕ ಹಾಕಿಕೊಂಡು ಓದಿದರು, ಗೋಡೆಯ ಮೊಳೆಯಿಂದ ವರ್ನಿಯರ್ ಅಳತೆಪಟ್ಟಿ ಇಳಿಸಿ ಎರಡು ಕಡೆ ಅಳೆದರು, ಒಂದು ಗಳಿಗೆ ಸುಮ್ಮನಿದ್ದು ಡ್ರಮ್ಮನ್ನು ನನ್ನ ಕೈಗೇ ಕೊಟ್ಟರು. "ಇದನ್ನ ಹೋದ್ಸಲ ತೆಗ್ದಿದ್ದೂ ನಾನೇ. ಆಗ್ಲೇ ಮುಗ್ದಿತ್ತು. ಹೊಸದು ತನ್ನಿ."