ಸತ್ಯಾಂಶ: ರಕ್ತದ ಕ್ಯಾನ್ಸರ್‌ಗೆ ಚೆನ್ನೈನಲ್ಲಿ ಉಚಿತ ಔಷಧಿ?

"'ಇಮಿಟಿನೆಫ್ ಮರ್ಸಿಲೆಟ್' ರಕ್ತದ ಕ್ಯಾನ್ಸರನ್ನು ಪೂರ್ತಿ ಗುಣಪಡಿಸುತ್ತದೆ, ಚೆನ್ನೈನ ಅಡ್ಯಾರ್ ಕ್ಯಾನ್ಸರ್ ಇನ್‌ಸ್ಟಿಟ್ಯೂಟ್‌ನಲ್ಲಿ ಉಚಿತ." ಈ ಮೆಸೇಜ್ ವರ್ಷಗಳಿಂದ ಸುತ್ತುತ್ತಿದೆ.

ಆ ಹೆಸರಿನ ಔಷಧಿಯೇ ಇಲ್ಲ. ಇರುವುದು ಇಮಾಟಿನಿಬ್ ಮೆಸಿಲೇಟ್. ಒಳ್ಳೆಯ ಮಾತ್ರೆಯೇ. ಸಿಎಂಎಲ್ ಎಂಬ ರಕ್ತದ ಕ್ಯಾನ್ಸರ್ ಇರುವ ಎಷ್ಟೋ ಜನ ಇದನ್ನು ದಿನಾ ನುಂಗುತ್ತಾ ವರ್ಷಗಟ್ಟಲೆ ಚೆನ್ನಾಗಿದ್ದಾರೆ. ಆ ಕಾಯಿಲೆಯಲ್ಲಿ ಒಂದು ಕೆಟ್ಟ ಪ್ರೋಟೀನು ಬಿಳಿ ರಕ್ತಕಣಗಳನ್ನು ವಿಪರೀತ ಹೆಚ್ಚಿಸುತ್ತದೆ. ಮಾತ್ರೆ ಅದನ್ನು ತಡೆಯುತ್ತದೆ. ಆ ಪ್ರೋಟೀನೇ ಇಲ್ಲದ ಬಹುಪಾಲು ರಕ್ತದ ಕ್ಯಾನ್ಸರ್‌ಗಳಿಗೆ ಇದರಿಂದ ಉಪಯೋಗವಿಲ್ಲ. ಬಂದವರಿಗೆಲ್ಲ ಉಚಿತ ಎಂಬುದು ಸುಳ್ಳು ಎಂದು ಆ ಆಸ್ಪತ್ರೆಯೇ ತಿಳಿಸಿದೆ. ದಯವಿಟ್ಟು ಇದನ್ನು ನಂಬಿ ನಡೆಯುತ್ತಿರುವ ಕೀಮೋ ಬಿಡಬೇಡಿ.

ನಿಜವಾದ ನೆರವು ಬೇರೆ ಇದೆ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ, ಕ್ಯಾನ್ಸರ್ ಕೂಡ ಸೇರಿ. ರೈಲಿನ ರಿಯಾಯಿತಿ ಜಾಸ್ತಿ ಜನಕ್ಕೆ ಗೊತ್ತೇ ಇಲ್ಲ! ಚಿಕಿತ್ಸೆಗೆ ಹೋಗಿಬರುವ ರೋಗಿಗೆ ಸ್ಲೀಪರ್‌ನಲ್ಲಿ ಟಿಕೆಟ್ ದರ ಪೂರ್ತಿ ಮಾಫಿ, ಜೊತೆಗಿರುವ ಒಬ್ಬರಿಗೆ 75% ರಿಯಾಯಿತಿ. ಅದರ ಫಾರಂಗೆ ಆಸ್ಪತ್ರೆಯ ಡಾಕ್ಟರ ಸಹಿ, ಸೀಲು ಬೇಕು. ಕೀಮೋಗೆ ಹೋದ ದಿನವೇ ಕೇಳಿ ಹಾಕಿಸಿಕೊಳ್ಳಿ.