ಹಾಡು ಕಳಿಸ್ತೀರಿ, ಹೆಸರೂ ಕಳಿಸಿ

ನಮ್ಮ ವಾಟ್ಸಾಪ್ ಗುಂಪಿನ ಮೇಲೆ ನನ್ನದೊಂದು ತಕರಾರಿದೆ. ಗುಂಪಿನವರೂ ಇದನ್ನು ಓದುತ್ತಾರೆ. ಬೈದುಕೊಳ್ಳಲಿ, ಪರವಾಗಿಲ್ಲ.

ಗುಂಪು ಅಂದರೆ ದೊಡ್ಡದೇನಲ್ಲ. ಮಹಾರಾಷ್ಟ್ರದ ಗಡಿಯ ಜತ್ತ, ಉಮದಿ, ಸಂಖ ಕಡೆಯ ಕನ್ನಡದವರು ಜಾಸ್ತಿ. ಸೋಲಾಪುರ, ಅಕ್ಕಲಕೋಟದವರು ಕೆಲವರು. ಕೆಲಸಕ್ಕೆ ಅಂತ ಪುಣೆ ಸೇರಿದವರೂ ಇದ್ದಾರೆ. ಶಾಲೆ ಮಾಸ್ತರರು, ದಾಳಿಂಬೆ ಬೆಳೆಯುವವರು, ಒಬ್ಬರು ಎಸ್‌ಟಿ ಕಂಡಕ್ಟರು. ಎಲ್ಲರಿಗೂ ಹಿಂದೂಸ್ತಾನಿ ಸಂಗೀತದ ಹುಚ್ಚು. ಬೆಳಿಗ್ಗೆ ಎದ್ದು ಮೊಬೈಲ್ ನೋಡಿದರೆ ತೋಡಿ ರಾಗ ಬಂದಿರುತ್ತದೆ, ಸಂಜೆಗೆ ಪೂರಿಯಾ ಧನಾಶ್ರೀ. ಇಂಥ ಗುಂಪು ಸಿಗೋದು ಪುಣ್ಯ, ಅದನ್ನೇನೂ ಇಲ್ಲ ಅನ್ನಲ್ಲ.

ತಕರಾರು ಇಷ್ಟೇ. ಹಾಡು ಬರುತ್ತದೆ, ಹೆಸರು ಬರಲ್ಲ. ಫೈಲಿನ ಹೆಸರು ನೋಡಿದರೆ ಉದ್ದಕ್ಕೂ ಬರೀ ಅಂಕಿ. ಕೆಳಗೆ ಎರಡು ಕೈಮುಗಿದ ಚಿತ್ರ, ‘ಅದ್ಭುತ’, ‘ಕೇಳಲೇಬೇಕು’. ಯಾರು ಹಾಡಿದ್ದು, ಯಾವ ರಾಗ, ತಬಲಾ ಯಾರದು, ಯಾವ ಊರು, ಯಾವ ವರ್ಷ, ಒಂದೂ ಇಲ್ಲ.

‘ಮಾಸ್ತರ್ರೇ, ಇದು ಎಲ್ಲಿಯ ಬೈಠಕ್ ರೀ?’ ಅಂತ ಕೇಳಿದರೆ ಉತ್ತರ ರೆಡಿ: ‘ಗೊತ್ತಿಲ್ಲರೀ, ನನಗೂ ಬಂದಿತ್ತು, ದಾಟಿಸಿದೆ.’

ನೂರಿಪ್ಪತ್ತು ವರ್ಷದ ಹಿಂದಿನವರು ಈ ವಿಷಯದಲ್ಲಿ ನಮಗಿಂತ ಶಿಸ್ತಿನವರು. 1902ರ ನವೆಂಬರಿನಲ್ಲಿ ಗ್ರಾಮೊಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದು ಹಾಡು ಮುದ್ರಿಸಿದಾಗ, ಗಾಯಕಿ ಗೌಹರ್ ಜಾನ್ ಹಾಡು ಮುಗಿದ ಕೂಡಲೇ ಇಂಗ್ಲಿಷಿನಲ್ಲಿ ‘ಮೈ ನೇಮ್ ಈಸ್ ಗೌಹರ್ ಜಾನ್’ ಅಂತ ಕೂಗಿ ಹೇಳುತ್ತಿದ್ದರು. ಅದು ಜಂಬ ಅಲ್ಲ. ಮುದ್ರಿಸಿದ ಮೂಲ ತಟ್ಟೆ ಜರ್ಮನಿಯ ಹಾನೋವರ್‌ಗೆ ಹೋಗಬೇಕಿತ್ತು. ಅಲ್ಲಿ ರೆಕಾರ್ಡು ಅಚ್ಚು ಹಾಕುವವನಿಗೆ ನಮ್ಮ ಭಾಷೆಯ ಗಂಧವೂ ಇಲ್ಲ. ಯಾವ ತಟ್ಟೆ ಯಾರದು ಅಂತ ಅವನಿಗೆ ತಿಳಿಯಲಿ ಅಂತ ಆ ವ್ಯವಸ್ಥೆ. ಸಮುದ್ರ ದಾಟಿ ಹೋಗಿ ಬಂದರೂ ಆ ಹಾಡಿನ ಹೆಸರು ಕಳೆಯಲಿಲ್ಲ. ನಮ್ಮಲ್ಲಿ ಉಮದಿಯಿಂದ ಜತ್ತಕ್ಕೆ ಬರೋದರೊಳಗೆ ಕಳೆದುಹೋಗುತ್ತದೆ!

ಹೆಸರು ಯಾಕೆ ಬೇಕು, ಹಾಡು ಚೆನ್ನಾಗಿದ್ದರೆ ಸಾಲದಾ ಅಂತ ಒಬ್ಬರು ಕೇಳಿದರು. ಸಾಲಲ್ಲ ಅನ್ನೋದು ನನ್ನ ವಾದ. ಗಂಗೂಬಾಯಿ ಹಾನಗಲ್ ಅವರನ್ನೇ ತಗೊಳ್ಳಿ. ಆ ಗಡಸು ದನಿ ನಮಗೆಲ್ಲ ಪರಿಚಯ. ಆದರೆ 1930ರ ದಶಕದಲ್ಲಿ ಬಂದ ಅವರ ಮೊದಲ ರೆಕಾರ್ಡುಗಳ ಮೇಲೆ ಇದ್ದ ಹೆಸರು ಗಾಂಧಾರಿ, ಹುಬ್ಬಳ್ಳಿಯ ಗಾಂಧಾರಿ. ದನಿಯೂ ಬೇರೆ. ತೆಳು, ಎತ್ತರ, ಎಳೆ ಹುಡುಗಿಯ ದನಿ. ಮುಂದೆ ಗಂಟಲಿಗೆ ಚಿಕಿತ್ಸೆ ಆದ ಮೇಲೆ ದನಿ ಕೆಳಗಿಳಿಯಿತು. ಇನ್ನೊಬ್ಬರಾಗಿದ್ದರೆ ಹಾಡೋದನ್ನೇ ಬಿಡುತ್ತಿದ್ದರೇನೋ. ಅವರು ಆ ದನಿಯಲ್ಲೇ ನೆಲೆ ನಿಂತರು.

ಈಗ ಆ ಎಳೆ ದನಿಯ ರೆಕಾರ್ಡು ಹೆಸರಿಲ್ಲದೆ ನಿಮ್ಮ ಮೊಬೈಲಿಗೆ ಬಂತು ಅಂದುಕೊಳ್ಳಿ. ‘ಯಾರೋ ಹಳೆಯ ಕಾಲದ ಬಾಯಿ, ಚೆನ್ನಾಗಿ ಹಾಡಿದ್ದಾರೆ’ ಅಂತ ಮುಂದೆ ಹೋಗುತ್ತೀರಿ. ಅವರೇ ಇವರು ಅಂತ ಗೊತ್ತಿದ್ದು, ಅದರ ಹಿಂದೆಯೇ ಅವರ ಕೊನೆಗಾಲದ ಒಂದು ಕಚೇರಿ ಹಾಕಿ ಕೇಳಿ. ಹಿಂದೆ ಮಗಳು ಕೃಷ್ಣಾ ಹಾನಗಲ್ ದನಿ ಕೂಡಿಸುತ್ತಿರುತ್ತಾರೆ. ಅಮ್ಮ ಬಿಟ್ಟಲ್ಲಿ ಮಗಳು ಹಿಡಿಯೋದು, ಮತ್ತೆ ಅಮ್ಮ ಬಂದು ಸೇರೋದು. ಎರಡು ರೆಕಾರ್ಡಿನ ನಡುವೆ ಒಂದು ಇಡೀ ಬದುಕು ಕೇಳುತ್ತದೆ. ವರ್ಷ, ಹೆಸರು ಇಲ್ಲದಿದ್ದರೆ ಕೇಳೋದು ಬರೀ ದನಿ.

ಕುಮಾರ ಗಂಧರ್ವರದೂ ಹಾಗೇ. ಸುಳೇಭಾವಿಯ ಹುಡುಗ, ಚಿಕ್ಕವನಿದ್ದಾಗಲೇ ರೆಕಾರ್ಡು ಕೊಟ್ಟವರು. ಆಮೇಲೆ ಕ್ಷಯ ಬಂದು ವರ್ಷಗಟ್ಟಲೆ ಹಾಡೋದೇ ನಿಂತಿತ್ತು. ಎದ್ದು ಬಂದ ಮೇಲೆ ಸಣ್ಣ ಸಣ್ಣ ತುಣುಕುಗಳಲ್ಲಿ ಹಾಡುವ ರೀತಿ ಬಂತು. ಯಾವ ರೆಕಾರ್ಡು ಯಾವ ಕಾಲದ್ದು ಅಂತ ತಿಳಿಯದೆ ‘ಇವರು ಯಾಕೆ ಹೀಗೆ ತುಂಡು ತುಂಡಾಗಿ ಹಾಡ್ತಾರೆ’ ಅಂತ ಗುಂಪಿನಲ್ಲಿ ಚರ್ಚೆ ಮಾಡೋದರಲ್ಲಿ ಏನರ್ಥ?

ರಾಗದ ಹೆಸರಿನ ಗೊಂದಲವಂತೂ ಕೇಳಬೇಡಿ. ಮಲ್ಲಿಕಾರ್ಜುನ ಮನ್ಸೂರರ ವಿಷಯದಲ್ಲಿ ಇದು ಜಾಸ್ತಿ. ಅವರು ಮಿರಜದ ನೀಲಕಂಠಬುವಾ ಅವರಲ್ಲಿ ಕಲಿತು, ಮುಂದೆ ಅಲ್ಲಾದಿಯಾ ಖಾನರ ಮಕ್ಕಳಾದ ಮಂಜಿ ಖಾನ್, ಬುರ್ಜಿ ಖಾನರ ಹತ್ತಿರ ಜೈಪುರ ಘರಾಣೆಯ, ಅಂದರೆ ಆ ಪರಂಪರೆಯ, ಹಾಡುಗಾರಿಕೆ ಕಲಿತವರು. ಆ ಘರಾಣೆಗೆ ಎರಡು ರಾಗ ಕೂಡಿಸಿದ ಜೋಡು ರಾಗಗಳ ಖಯಾಲಿ. ನಟ್ ಬಿಹಾಗ್, ಖಟ್ ತೋಡಿ, ಬಸಂತಿ ಕೇದಾರ, ಹೀಗೆ. ಕಳಿಸುವವರು ಅರ್ಧ ಹೆಸರು ಬರೆಯುತ್ತಾರೆ. ಬಸಂತಿ ಕೇದಾರ ಹೋಗಿ ‘ಬಸಂತ್’ ಆಗಿರುತ್ತದೆ. ಬಸಂತ್ ಅಂತ ನಂಬಿ ಕೇಳುವವನಿಗೆ ಮಧ್ಯದಲ್ಲಿ ಕೇದಾರದ ಸಾ–ಮ ಬಂದು ನಿಂತರೆ ಗಲಿಬಿಲಿ. ಸಂಗೀತ ಕಲಿಯುವ ನಮ್ಮ ಪಕ್ಕದ ಮನೆಯ ಹುಡುಗಿ ‘ಮಾಮಾ, ಮನ್ಸೂರರು ತಪ್ಪು ಹಾಡಿದ್ದಾರಾ?’ ಅಂತಲೇ ಕೇಳಿದಳು. ಸರಿಯಾದ ಹೆಸರು ಹೇಳಿ ಇನ್ನೊಮ್ಮೆ ಹಾಕಿದೆ. ಸಾ–ಮದ ಕಡೆ ಬಂದಾಗ ‘ಹಾಂ, ಇಲ್ಲಿ ಕೇದಾರ’ ಅಂದಳು. ಮೇಲೆ ಹೋಗಿ ಬಸಂತದ ಕೋಮಲ ಧೈವತ ಮುಟ್ಟಿದಾಗ ಬಾಯಿ ಬಿಡಲಿಲ್ಲ, ಬೆರಳು ಮಾತ್ರ ಎತ್ತಿ ತೋರಿಸಿದಳು. ಅದೇ ರೆಕಾರ್ಡು, ಅದೇ ಕಿವಿ. ಬದಲಾಗಿದ್ದು ಹೆಸರಷ್ಟೇ.

ಮನ್ಸೂರರ ಎಷ್ಟೋ ಕಚೇರಿಗಳಲ್ಲಿ ಹಿಂದೆ ಇನ್ನೊಂದು ದನಿ ಇರುತ್ತದೆ. ಮಗ ರಾಜಶೇಖರ ಮನ್ಸೂರ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದವರು, 2022ರಲ್ಲಿ ತೀರಿಹೋದರು. ಅಪ್ಪ ಉಸಿರು ತೆಗೆದುಕೊಳ್ಳುವಾಗ ಆ ದನಿ ರಾಗವನ್ನು ಬೀಳದಂತೆ ಹಿಡಿದಿರುತ್ತದೆ. ಇವರ ಹೆಸರು ನಮ್ಮ ಗುಂಪಿನಲ್ಲಿ ಒಮ್ಮೆಯೂ ಬಂದಿದ್ದು ನಾನು ನೋಡಿಲ್ಲ. ಸಾಥ್ ಮಾಡುವವರ, ಅಂದರೆ ಜೊತೆಗೆ ಹಾಡುವ, ನುಡಿಸುವವರ ಹಣೆಬರಹವೇ ಅಷ್ಟು ಅಂತ ಕಾಣುತ್ತೆ. ಭೀಮಸೇನ ಜೋಶಿಯವರ ಪೂರಿಯಾ ಧನಾಶ್ರೀ ಎಲ್ಲರಿಗೂ ಬೇಕು, ಹಾರ್ಮೋನಿಯಂನಲ್ಲಿ ಅಪ್ಪಾ ಜಳಗಾಂವಕರ ಇದ್ದಾರಾ ಅಂತ ಕೇಳುವವರಿಲ್ಲ. ಕುಮಾರರ ಜೊತೆ ವಸಂತರಾವ್ ಆಚರೇಕರ ಅವರ ತಬಲಾ ಠೇಕಾ ಎಷ್ಟು ಸಮಾಧಾನದಿಂದ ನಡೆಯುತ್ತೆ ಅಂತ ಹೇಳುವವರಿಲ್ಲ.

ಆಕಾಶವಾಣಿಯವರು ಇದನ್ನು ಎಂದೂ ಮರೆತವರಲ್ಲ. ಧಾರವಾಡ ಕೇಂದ್ರ ಹಾಕಿದರೆ ಮೊದಲು ಗಾಯಕರ ಹೆಸರು, ರಾಗ, ಆಮೇಲೆ ತಬಲಾ ಸಾಥ್, ಹಾರ್ಮೋನಿಯಂ ಸಾಥ್. ಮುಗಿದ ಮೇಲೆ ಮತ್ತೊಮ್ಮೆ ಎಲ್ಲ ಹೆಸರು. ಚಿಕ್ಕವರಿದ್ದಾಗ ನಮಗೆ ಅದು ಬೇಜಾರು. ಈಗ ಅನ್ನಿಸುತ್ತೆ, ನಮ್ಮ ಗಡಿ ಭಾಗದ ಹಳ್ಳಿಗಳಲ್ಲಿ ಸಾಥಿದಾರರ ಹೆಸರು ಯಾರಿಗಾದರೂ ಬಾಯಿಪಾಠ ಇದ್ದರೆ ಅದು ಆ ನಿವೇದಕರ ದಯೆಯಿಂದ.

ಅಂದಹಾಗೆ, ರೇಡಿಯೋದವರ ಒಂದು ತಪ್ಪು ನಿರ್ಧಾರ ಇವತ್ತು ನಮಗೆ ಉಪಯೋಗಕ್ಕೆ ಬರುತ್ತದೆ. 1940ರಿಂದ 1971ರವರೆಗೆ ಆಕಾಶವಾಣಿಯಲ್ಲಿ ಹಾರ್ಮೋನಿಯಂಗೆ ಬಹಿಷ್ಕಾರ ಇತ್ತು. ಹಾಗಾಗಿ ಆ ಕಾಲದ ಸ್ಟುಡಿಯೋ ರೆಕಾರ್ಡಿಂಗ್‌ನಲ್ಲಿ ಸಾರಂಗಿಯೋ ಪಿಟೀಲೋ ಕೇಳುತ್ತದೆ. ‘ರೇಡಿಯೋದ್ದು, 1960ರದ್ದು’ ಅಂತ ಯಾರಾದರೂ ಕಳಿಸಿ, ಅದರಲ್ಲಿ ಹಾರ್ಮೋನಿಯಂ ಜೋರಾಗಿ ನುಡಿಯುತ್ತಿದ್ದರೆ ಸ್ವಲ್ಪ ಅನುಮಾನ ಪಡಿ.

ಇನ್ನು ಶ್ರುತಿ. ಹಳೆಯ ಅರಗಿನ ರೆಕಾರ್ಡಿಗೆ ನಿಮಿಷಕ್ಕೆ 78 ಸುತ್ತು ಅಂತ ಹೇಳುತ್ತೇವೆ. ಶುರುವಿನ ದಶಕಗಳಲ್ಲಿ ಅದು ಅಷ್ಟು ಪಕ್ಕಾ ಇರಲಿಲ್ಲ. ಕೆಲವು 74ರಲ್ಲಿ, ಕೆಲವು 80ರಲ್ಲಿ. 74ರಲ್ಲಿ ಮುದ್ರಿಸಿದ್ದನ್ನು 78ರಲ್ಲಿ ತಿರುಗಿಸಿದರೆ ಹೆಚ್ಚುಕಡಿಮೆ ಅರ್ಧ ಸ್ವರ ಏರುತ್ತದೆ. ಹಾರ್ಮೋನಿಯಂನ ಕಾಳಿ ಒಂದರಲ್ಲಿ, ಅಂದರೆ ಮೊದಲ ಕಪ್ಪು ಮನೆಯಲ್ಲಿ ಹಾಡಿದವರು ಅದರ ಮುಂದಿನ ಬಿಳಿ ಎರಡಕ್ಕೆ ಹೋಗಿ ಕೂರುತ್ತಾರೆ. ದನಿ ತೆಳ್ಳಗಾಗುತ್ತೆ, ತಾನ್ (ಸ್ವರಗಳ ವೇಗದ ಓಟ) ಇನ್ನೂ ಓಡುತ್ತೆ. ಕ್ಯಾಸೆಟ್ ಕಾಲದಲ್ಲಿ ಸೆಲ್ಲು ಮುಗಿಯುತ್ತಾ ಬಂದ ಟೇಪಿನಲ್ಲಿ ಇದರ ಉಲ್ಟಾ. ಈಗಿನವರು ಕಾಪಿರೈಟ್ ತಪ್ಪಿಸಿಕೊಳ್ಳಲು ಬೇಕಂತಲೇ ವೇಗ ಬದಲಿಸಿ ಯೂಟ್ಯೂಬಿಗೆ ಹಾಕುತ್ತಾರೆ. ಅದನ್ನು ಕೇಳಿ ‘ಆ ಕಾಲದವರ ತಾನ್ ಏನು ವೇಗ ರೀ!’ ಅಂತ ಬೆರಗಾಗುವುದು ಬೇರೆ.

ಗರಗರ ಸದ್ದು ತೆಗೆದು ‘ಸ್ವಚ್ಛ’ ಮಾಡಿದ ರೆಕಾರ್ಡು ಬಂದರೆ ನಾನು ಕೇಳೋದೇ ಇಲ್ಲ. ಇದು ನನ್ನ ಹಟ ಅಂತ ಬೇಕಾದರೆ ಅನ್ನಿ. ನಮ್ಮ ಮಿರಜದ ತಂಬೂರಿಗೆ 2024ರಲ್ಲಿ ಜಿಐ ಟ್ಯಾಗ್ ಸಿಕ್ಕಿತು, ಎಲ್ಲರೂ ಹೆಮ್ಮೆಯಿಂದ ಸ್ಟೇಟಸ್ ಹಾಕಿದೆವು. ಆ ತಂಬೂರಿಯ ಜೀವ ಇರೋದು ಜವಾರಿಯಲ್ಲಿ. ಕುದುರೆಯ (ತಂತಿ ಕೂರುವ ಪಟ್ಟಿ) ಮೇಲೆ ತಂತಿಯ ಕೆಳಗೆ ಒಂದು ಎಳೆ ದಾರ ಸೇರಿಸಿ, ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸುತ್ತಾರೆ. ಒಂದು ಜಾಗದಲ್ಲಿ ತಂತಿ ‘ಝುಂ’ ಅಂತ ತೆರೆದುಕೊಳ್ಳುತ್ತದೆ. ಸದ್ದು ತೆಗೆಯುವ ಸಾಫ್ಟ್‌ವೇರಿಗೆ ಆ ಝುಂಕಾರವೂ ಗರಗರವೂ ಒಂದೇ. ಎರಡನ್ನೂ ಒರೆಸಿ ಹಾಕುತ್ತದೆ. ಉಳಿಯೋದು ಖಾಲಿ ಕೋಣೆಯಲ್ಲಿ ನಿಂತ ಒಂದು ಗಂಟಲು.

ಮಿರಜ ಅಂದೆ. ನಮ್ಮ ಜತ್ತದವರಿಗೆ ಮಿರಜ ಅಂದರೆ ದವಾಖಾನೆ. ಯಾರಿಗಾದರೂ ಜಡ್ಡು ಜೋರಾದರೆ ಮಿರಜಕ್ಕೆ ಒಯ್ಯಿರಿ ಅನ್ನುತ್ತೇವೆ. ಹಾಗೆ ಹೋದವರು, ರೋಗಿಯ ಹತ್ತಿರ ಇನ್ನೊಬ್ಬರು ಕೂತಾಗ, ಒಂದು ತಾಸು ಬಿಡುವು ಮಾಡಿಕೊಂಡು ಮೀರಾಸಾಹೇಬರ ದರ್ಗಾಕ್ಕೆ ಹೋಗಿ ಬನ್ನಿ. ದೊಡ್ಡ ಗವಾಯಿ ಅಬ್ದುಲ್ ಕರೀಂ ಖಾನ್ ಸಾಹೇಬರು ಇದ್ದಿದ್ದು ಇದೇ ಊರಲ್ಲಿ, ಅವರನ್ನು ಮಣ್ಣು ಮಾಡಿದ್ದೂ ಇಲ್ಲೇ. 1937ರಲ್ಲಿ ಪಾಂಡಿಚೇರಿಗೆ ಹೊರಟಿದ್ದವರು ದಾರಿಯಲ್ಲಿ ಮೈಗೆ ಆರಾಮಿಲ್ಲದೆ ಸಿಂಗಪೆರುಮಾಳ್ ಕೋಯಿಲ್ ಸ್ಟೇಷನ್ನಿನಲ್ಲಿ ಇಳಿದು, ಅಲ್ಲೇ ಕಣ್ಣು ಮುಚ್ಚಿದರು. ಉರುಸಿನಲ್ಲಿ ಈಗಲೂ ದೊಡ್ಡ ದೊಡ್ಡ ಗವಾಯಿಗಳು ಬಂದು ಅಲ್ಲಿ ಹಾಡುತ್ತಾರೆ.

ಖಾನ್ ಸಾಹೇಬರ ಝಿಂಝೋಟಿ ರಾಗದ ‘ಪಿಯಾ ಬಿನ ನಾಹೀ ಆವತ ಚೈನ’, ಮೂರು ಚಿಲ್ಲರೆ ನಿಮಿಷದ ರೆಕಾರ್ಡು. ನಟ-ಗಾಯಕ ಸೈಗಲ್ ಸಿನಿಮಾದಲ್ಲಿ ಹಾಡಿದ್ದರಿಂದ ಬಹಳ ಮಂದಿಗೆ ಅದು ಸೈಗಲ್ ಹಾಡು. ಖಾನ್ ಸಾಹೇಬರದು ಕೇಳುವಾಗ ‘ಪಿಯಾ ಬಿನ’ ಅನ್ನೋದು ಪ್ರತಿ ಸಲ ಎಲ್ಲಿಂದ ಶುರುವಾಗುತ್ತೆ ಅಂತಷ್ಟೇ ಗಮನಿಸಿ, ಉಳಿದದ್ದು ಬಿಡಿ. ಎರಡು ತಾಸಿನ ಕಚೇರಿ ಕಳಿಸಿ ‘ಪೂರ್ತಿ ಕೇಳಿ’ ಅನ್ನುವವರಿಗೆ ನನ್ನ ಕೋರಿಕೆಯೂ ಇದೇ. ಪೂರ್ತಿ ಯಾರೂ ಕೇಳಲ್ಲ, ಕಳಿಸಿದವರೂ ಕೇಳಿರಲ್ಲ. ‘ಹದಿನೇಳನೇ ನಿಮಿಷದಲ್ಲಿ ನಿಷಾದದ ಮೇಲೆ ನಿಂತಿದ್ದು ಕೇಳಿ’ ಅಂತ ಒಂದು ಸಾಲು ಬರೆಯಿರಿ. ಆ ಒಂದು ಸಾಲಿಗಾಗಿ ನಾನಂತೂ ಊಟ ಬಿಟ್ಟು ಕೇಳುತ್ತೇನೆ.

ಆದರೆ ನಮ್ಮಲ್ಲಿ ಸಾಲು ಬರೆಯೋದು ಯಾವಾಗ ಗೊತ್ತಾ? ಜಗಳಕ್ಕೆ. ಭೀಮಸೇನರು ನಮ್ಮ ಗದಗದವರು ಅಂತ ಒಬ್ಬರು ಹಾಕಿದರೆ, ಅವರನ್ನು ದೊಡ್ಡವರು ಮಾಡಿದ್ದು ಪುಣೆ ಅಂತ ಮರಾಠಿ ಗೆಳೆಯರು. ಸಂದೇಶದ ಮೇಲೆ ಸಂದೇಶ. ಗಡಿಯಲ್ಲಿ ಬದುಕುವವರಿಗೆ ಈ ಚಟ ಜಾಸ್ತಿ, ನನಗೂ ಇದೆ. ಆದರೆ ಪರಂಪರೆ ನೋಡಿ. ಉತ್ತರ ಪ್ರದೇಶದ ಕೈರಾನಾದ ಖಾನ್ ಸಾಹೇಬರು ಮಿರಜಕ್ಕೆ ಬಂದರು. ಕುಂದಗೋಳದ ರಾಮಭಾವು, ಅಂದರೆ ಸವಾಯಿ ಗಂಧರ್ವರು, ಅವರಲ್ಲಿ ಕಲಿತರು. ಅವರಿಂದ ಗಂಗೂಬಾಯಿ, ಭೀಮಸೇನ. ಖಾನ್ ಸಾಹೇಬರ ಮಗಳು ಹೀರಾಬಾಯಿ ಬಡೋದೇಕರ ಹುಟ್ಟಿದ್ದು ಮಿರಜದಲ್ಲಿ, ಹಾಡಿದ್ದು ಮರಾಠಿ ರಂಗಭೂಮಿಯಲ್ಲೂ. ಖಾನ್ ಸಾಹೇಬರೇ ತ್ಯಾಗರಾಜರ ‘ರಾಮ ನೀ ಸಮಾನಮೆವರು’ ಹಾಡಿ ರೆಕಾರ್ಡು ಕೊಟ್ಟಿದ್ದಾರೆ, ಖರಹರಪ್ರಿಯದಲ್ಲಿ. ಇದನ್ನು ಯಾವ ರಾಜ್ಯದ ಖಾತೆಗೆ ಬರೆಯುತ್ತೀರಿ? ಆ ರೆಕಾರ್ಡು ಹಾಕಿದರೆ ಮಾತ್ರ ಗುಂಪಿನಲ್ಲಿ ಎಲ್ಲರೂ ಸುಮ್ನೆ ಆಗುತ್ತಾರೆ. ಯಾರ ಪರ ವಾದ ಮಾಡೋದು ಅಂತ ಯಾರಿಗೂ ಹೊಳೆಯಲ್ಲ.

ಇಷ್ಟೆಲ್ಲ ಯಾಕೆ ಬರೆದೆ ಅಂದರೆ, ನಮ್ಮ ಸೋದರಮಾವ ಬಿಟ್ಟುಹೋದ ಒಂದು ಟ್ರಂಕ್ ಕ್ಯಾಸೆಟ್ಟುಗಳನ್ನು ಈಗ ಕಂಪ್ಯೂಟರಿಗೆ ಇಳಿಸುತ್ತಿದ್ದೇನೆ. ಅವರು ರೇಡಿಯೋ ಮುಂದೆ ಟೇಪ್ ಇಟ್ಟು ಮುದ್ರಿಸಿಕೊಂಡವು. ನಡುವೆ ಕುಕ್ಕರ್ ಸೀಟಿ, ಅತ್ತೆ ಯಾರಿಗೋ ಹಾಲು ತಗೊಂಡು ಬಾ ಅನ್ನೋದು, ಎಲ್ಲ ಇದೆ. ರಾಗ ರಂಗೇರುವ ಹೊತ್ತಿಗೆ ಸರಿಯಾಗಿ ಕ್ಯಾಸೆಟ್ಟಿನ ಒಂದು ಬದಿ ಮುಗಿಯುತ್ತದೆ. ಆದರೆ ಪ್ರತಿ ಕವರಿನ ಒಳಗೆ ಸಣ್ಣ ಅಕ್ಷರದಲ್ಲಿ ತಾರೀಖು, ಕೇಂದ್ರ, ರಾಗ, ತಾಳ, ಸಾಥಿದಾರರ ಹೆಸರು. ಅರ್ಧ ಕನ್ನಡದಲ್ಲಿ, ಅರ್ಧ ಮರಾಠಿಯಲ್ಲಿ. ಒಂದರ ಮೇಲೆ ‘ತಬಲಾ ಕೊಂಚ ಜೋರು’ ಅಂತ ಅಭಿಪ್ರಾಯವೂ ಇದೆ! ನಾಲ್ಕನೇ ಇಯತ್ತೆ ದಾಟದ ಮನುಷ್ಯ.

ವಾರಕ್ಕೊಂದರಂತೆ ಅವನ್ನು ಇಲ್ಲಿ ಹಾಕುತ್ತೇನೆ, ಕವರಿನ ಫೋಟೋ ಸಮೇತ. ನಿಮ್ಮ ಮನೆಯ ಅಟ್ಟದ ಮೇಲೂ ಇಂಥ ಕ್ಯಾಸೆಟ್ಟುಗಳಿದ್ದರೆ, ಇಳಿಸೋಕೆ ಪ್ಲೇಯರ್ ಇಲ್ಲ ಅಂತ ಯೋಚಿಸಬೇಡಿ. ಮೊದಲು ಕವರಿನ ಒಳಗೆ ಬರೆದಿದ್ದರ ಫೋಟೋ ತೆಗೆದು ಕಮೆಂಟಿನಲ್ಲಿ ಹಾಕಿ. ಪೆನ್ನಿನ ಮಸಿ ಟೇಪಿಗಿಂತ ಮೊದಲು ಅಳಿಸುತ್ತಿದೆ.